ಹಾಲುಹಲ್ಲೂ ರಕ್ತವೂ ಹೇಳುವ ಸಂಗತಿಗಳು

ಈ ಸಂಚಿಕೆಯನ್ನು ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಆರೋಗ್ಯಶಾಸ್ತ್ರದ ಮೊದಲನೆಯ ಪಾಠವನ್ನು ಮರೆತಿರಲಾರರು. ನಿನ್ನೆ ಬೆಳಿಗ್ಗೆ ಎದ್ದಂದಿನಿಂದ ರಾತ್ರಿ ಮಲಗುವ ತನಕ ಏನೇನು ತಿಂದಿರಿ, ಎಷ್ಟೆಷ್ಟು ತಿಂದಿರಿ ಎಂಬುದನ್ನು ಒಂದು ಹಾಳೆಯ ಮೇಲೆ ಬರೆಯಿರಿ ಎಂದು ಹೇಳುತ್ತೇವೆ. ಹುಡುಗಿಯರು ಬಹು ಶ್ರದ್ಧೆಯಿಂದ ಬರೆಯುತ್ತಾರೆ. ಅನ್ನ, ಸಾರು, ಮುದ್ದೆ, ಸೊಪ್ಪಿನ ಪಲ್ಯ, ಒಂದು ಲೋಟ ಹಾಲು ಇವೆಲ್ಲವೂ ಆ ಹಾಳೆಯಲ್ಲಿ ಇರುತ್ತವೆ. ಶಾಲೆಯ ಬಾಗಿಲ ಹೊರಗೆ ಕೊಂಡ ಉಪ್ಪು ಮಾವಿನಕಾಯಿ, ಸಂಜೆಯ ಎರಡನೆಯ ಲೋಟ ಚಹಾ, ಅಡಿಗೆಮನೆಯಲ್ಲಿ ನಿಂತು ಬಾಯಿಗೆ ಹಾಕಿಕೊಂಡ ಬೆಲ್ಲದ ಚೂರು ಇವು ಇರುವುದಿಲ್ಲ. ಹಾಲು ಕುಡಿಯದ ಮನೆಯವರೂ ಹಾಲೆಂದು ಬರೆಯುವುದುಂಟು. ಇದನ್ನು ಸುಳ್ಳೆಂದು ನಾವು ಎಂದಿಗೂ ಎಣಿಸಿದ್ದಿಲ್ಲ. ತಿಂದದ್ದನ್ನು ನೆನಪಿನಲ್ಲಿಡುವ ಕೆಲಸಕ್ಕೆ ಮನುಷ್ಯನ ಮನಸ್ಸು ಅಷ್ಟೊಂದು ತಕ್ಕದ್ದಲ್ಲ. ತನಗೆ ಮರ್ಯಾದೆಯಾಗಿ ಕಾಣುವ ಕಡೆಗೆ ಅದು ಸ್ವಲ್ಪ ವಾಲುತ್ತದೆ.

ದೊಡ್ಡವರ ವಿಷಯವೂ ಹೀಗೆಯೇ ಎಂಬುದು ಚೆನ್ನಾಗಿ ಪರೀಕ್ಷಿಸಲ್ಪಟ್ಟಿದೆ. ಅಮೇರಿಕಾ ದೇಶದ ಮೇರಿಲೆಂಡ್ ಸಂಸ್ಥಾನದಲ್ಲಿ ೧೯೯೯ ಮತ್ತು ೨೦೦೦ರಲ್ಲಿ ೪೮೪ ಮಂದಿ ಗಂಡಸರನ್ನೂ ಹೆಂಗಸರನ್ನೂ ಅವರ ಆಹಾರದ ಕುರಿತು ವಿಚಾರಿಸಿದರು. ಅದರ ಜೊತೆಗೆ ಅವರಿಗೆ ಒಂದು ವಿಶೇಷವಾದ ನೀರನ್ನು ಕುಡಿಸಿದರು. ಆ ನೀರಿನ ಜಲಜನಕವೂ ಆಮ್ಲಜನಕವೂ ಸಾಧಾರಣವಾದವುಗಳಿಗಿಂತ ತುಸು ಭಾರವಾದವುಗಳು. ದೇಹಕ್ಕೆ ಅವುಗಳಿಂದ ಯಾವ ಕೆಡುಕೂ ಇಲ್ಲ. ಎರಡೂ ಮೂತ್ರದ ಮೂಲಕ ಹೊರಗೆ ಹೋಗುವ ವೇಗವನ್ನು ಅಳೆದು, ಅವುಗಳ ನಡುವಣ ವ್ಯತ್ಯಾಸದಿಂದ ಆ ಮನುಷ್ಯನು ದಿನಕ್ಕೆ ಎಷ್ಟು ಶಕ್ತಿಯನ್ನು ವ್ಯಯಮಾಡಿದನೆಂಬುದನ್ನು ಲೆಕ್ಕಹಾಕಬಹುದು. ತೂಕವು ಹೆಚ್ಚು ಕಡಿಮೆಯಾಗದೆ ಇರುವಾಗ ವ್ಯಯವೂ ಆಹಾರವೂ ಒಂದಕ್ಕೊಂದು ಸರಿಹೊಂದಿರಲೇಬೇಕಷ್ಟೆ. ಹೀಗೆ ನೋಡಿದಲ್ಲಿ, ಹಿಂದಿನ ದಿನದ ಊಟವನ್ನು ನೆನೆದು ಹೇಳಿದ ಹೆಂಗಸರು ನೂರಕ್ಕೆ ೧೬ರಿಂದ ೨೦ರಷ್ಟು ಕಡಿಮೆಯಾಗಿ ಹೇಳಿದ್ದರು. ಗಂಡಸರು ೧೨ರಿಂದ ೧೪ರಷ್ಟು. ತಿಂಗಳುಗಳ ಆಹಾರವನ್ನು ಒಂದು ಉದ್ದವಾದ ಪ್ರಶ್ನೆಪತ್ರದಲ್ಲಿ ತುಂಬಿಸಿ ಕೊಡುವಾಗಲಾದರೋ ಇಬ್ಬರ ಕೊರತೆಯೂ ಮೂರನೆಯ ಒಂದು ಭಾಗದಷ್ಟಾಯಿತು.

ಬಾಯಿಯು ಹೇಳುವುದು ಒಂದು, ದೇಹವು ಬರೆದಿಡುವುದು ಇನ್ನೊಂದು. ಈ ಎರಡನೆಯ ಬರಹವನ್ನು ಓದುವ ವಿದ್ಯೆಯ ಕುರಿತು ಕೆಲವು ಸಂಗತಿಗಳನ್ನು ಪೋಷಕರಿಗೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಿಳಿಸಬೇಕೆಂಬುದು ಈ ಲೇಖನದ ಉದ್ದೇಶ. ರಕ್ತ, ಮೂತ್ರ, ಕೂದಲು, ಉಗುರು, ಹಲ್ಲು ಮುಂತಾದವುಗಳಲ್ಲಿ ಅಳೆಯಬಹುದಾದಂಥ, ಆಹಾರವನ್ನಾಗಲಿ ಸುತ್ತಲಿನ ವಿಷವನ್ನಾಗಲಿ ಮುಂದೆ ಬರಬಹುದಾದ ರೋಗವನ್ನಾಗಲಿ ತೋರಿಸಿಕೊಡುವಂಥ ವಸ್ತುಗಳಿಗೆ ಜೈವಿಕ ಸೂಚಕಗಳೆಂದು ಹೆಸರು. ನಾವು ಸುಲಭವಾಗಿ ಗುರುತುಗಳೆನ್ನೋಣ.

ಇವುಗಳಲ್ಲಿ ಅತಿ ಸರಳವಾದದ್ದು ಉಪ್ಪು. ನಾವು ತಿನ್ನುವ ಉಪ್ಪಿನಲ್ಲಿರುವ ಸೋಡಿಯಂ ಬಹುಮಟ್ಟಿಗೆ ಮೂತ್ರದಲ್ಲಿಯೇ ಹೊರಬೀಳುವುದರಿಂದ, ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲಾ ಕೂಡಿಸಿ ಅಳೆದರೆ ಉಪ್ಪಿನ ಲೆಕ್ಕವು ದೊರೆಯುತ್ತದೆ. ೧೯೮೮ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಎಂಬ ಶೋಧನೆಯಲ್ಲಿ ೩೨ ದೇಶಗಳ ೫೨ ಸ್ಥಳಗಳಿಂದ ೧೦,೦೭೯ ಮಂದಿಯನ್ನು ಹೀಗೆ ಪರೀಕ್ಷಿಸಿದರು. ನಮ್ಮ ದೇಶದಿಂದ ದೆಹಲಿಯೂ ಲಡಾಖೂ ಅದರಲ್ಲಿ ಸೇರಿದ್ದವು. ಬ್ರೆಜಿಲ್ ದೇಶದ ಅರಣ್ಯದಲ್ಲಿ ವಾಸಿಸುವ ಯಾನೊಮಾಮಿ ಜನರ ಮೂತ್ರದಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆಯಾಗಿತ್ತು. ಅವರಲ್ಲಿ ವಯಸ್ಸಾದಂತೆ ರಕ್ತದ ಒತ್ತಡವು ಏರುವ ವಾಡಿಕೆಯೇ ಇರಲಿಲ್ಲ. ಉಪ್ಪಿನಕಾಯಿಯನ್ನು ಬರೆಯಲು ಮರೆತ ಹುಡುಗಿಯ ಲೆಕ್ಕವನ್ನು ಮೂತ್ರವು ಮರೆಯುವುದಿಲ್ಲವೆಂದರೆ ತಪ್ಪಾಗಲಾರದು.

ಆದರೆ ದೇಹದ ಪುಸ್ತಕಗಳೆಲ್ಲವೂ ಒಂದೇ ಕಾಲದವುಗಳಲ್ಲ. ಮೂತ್ರವು ನಿನ್ನೆಯ ಮಾತನ್ನು ಹೇಳುತ್ತದೆ. ರಕ್ತದ ಕೆಂಪು ಕಣಗಳು ಸುಮಾರು ೧೨೦ ದಿನಗಳು ಬಾಳುವವಾದಕಾರಣ ಮೂರು ತಿಂಗಳ ಮಾತನ್ನು ಹೇಳುತ್ತವೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುವುದರಿಂದ, ಬಾವಿಯ ನೀರಿನ ಮೂಲಕ ಪಾಷಾಣವನ್ನು ಕುಡಿದವರ ಕೂದಲಿನಲ್ಲಿ ಅದು ಉಳಿದಿರುತ್ತದೆ. ಹಲ್ಲು ಮಾತ್ರ ಮಗುವು ತಾಯಿಯ ಗರ್ಭದಲ್ಲಿರುವಾಗಲೇ ಕಟ್ಟಲು ಆರಂಭವಾಗಿ, ಒಮ್ಮೆ ಕಟ್ಟಿದ ಮೇಲೆ ಬದಲಾಗದೆ ನಿಲ್ಲುವ ವಸ್ತು. ಹಾಲುಹಲ್ಲು ಬಿದ್ದಾಗ ನಮ್ಮ ಮಕ್ಕಳು ಅದನ್ನು ಸೂರಿನ ಮೇಲೆ ಎಸೆಯುತ್ತಾರೆ. ಅದರಿಂದ ಒಂದು ದೊಡ್ಡ ರಾಜ್ಯಕಾರ್ಯವೂ ನಡೆದದ್ದುಂಟು. ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಎರಡನೆಯ ಮಹಾಯುದ್ಧವಾದ ಮೇಲೆ ಅಮೇರಿಕಾ, ರಷ್ಯಾ, ಬ್ರಿಟನ್ ದೇಶಗಳವರು ಅಣುಬಾಂಬುಗಳನ್ನು ಬಯಲಿನಲ್ಲಿ ಸಿಡಿಸಿ ಪರೀಕ್ಷಿಸುತ್ತಿದ್ದರು. ಅವುಗಳಿಂದ ಸ್ಟ್ರಾನ್ಷಿಯಂ-೯೦ ಎಂಬ ವಿಕಿರಣವುಳ್ಳ ಧೂಳು ಗಾಳಿಯಲ್ಲಿ ಹರಡಿ, ಮಳೆಯೊಡನೆ ಹುಲ್ಲಿಗೆ ಬಿದ್ದು, ಹುಲ್ಲನ್ನು ಮೇಯ್ದ ಹಸುವಿನ ಹಾಲಿಗೆ ಬರುತ್ತಿತ್ತು. ಸ್ಟ್ರಾನ್ಷಿಯಂ ಎಂಬುದು ಗುಣದಲ್ಲಿ ಸುಣ್ಣದ ಸೋದರ. ದೇಹವು ಇದನ್ನು ಸುಣ್ಣವೆಂದೇ ಭ್ರಮಿಸಿ ಎಲುಬಿಗೂ ಹಲ್ಲಿಗೂ ಸೇರಿಸಿಕೊಳ್ಳುತ್ತದೆ. ಮಕ್ಕಳ ಎಲುಬನ್ನು ಕತ್ತರಿಸಿ ನೋಡುವಂತಿಲ್ಲವಷ್ಟೆ. ಆದಕಾರಣ ೧೯೫೮ರಲ್ಲಿ ಸೇಂಟ್ ಲೂಯಿಸ್ ಪಟ್ಟಣದಲ್ಲಿ ಲೂಯಿಸ್ ರೀಸ್ ಎಂಬ ವೈದ್ಯಮಹಿಳೆಯ ಮೇಲ್ವಿಚಾರಣೆಯಲ್ಲಿ ಬಿದ್ದ ಹಾಲುಹಲ್ಲುಗಳನ್ನು ಕೂಡಿಸುವ ಕೆಲಸವು ಆರಂಭವಾಯಿತು. ಶಾಲೆಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ಪತ್ರಗಳನ್ನು ಹಂಚಿದರು. ಹಲ್ಲು ಕೊಟ್ಟ ಮಗುವಿಗೆ, ತಾನು ವಿಜ್ಞಾನಕ್ಕೆ ಹಲ್ಲನ್ನು ಕೊಟ್ಟೆನೆಂದು ಬರೆದಿದ್ದ ಒಂದು ಗುಂಡಿಯನ್ನು ಅಂಗಿಗೆ ಚುಚ್ಚಿಕೊಳ್ಳಲು ಕೊಡುತ್ತಿದ್ದರು. ೧೯೭೦ರ ವೇಳೆಗೆ ಸುಮಾರು ೩,೨೦,೦೦೦ ಹಲ್ಲುಗಳು ಕೂಡಿದವು. ತಾಯಂದಿರೂ ಉಪಾಧ್ಯಾಯಿನಿಯರೂ ಚಿಕ್ಕ ಮಕ್ಕಳೂ ಇಷ್ಟು ಸಂತೋಷದಿಂದ ಕೈಕೂಡಿಸಿದ ಶಾಸ್ತ್ರಕಾರ್ಯವು ಇನ್ನೊಂದಿದೆಯೋ ಎಂದು ನಮಗೆ ಸಂದೇಹ.

ಆ ಹಲ್ಲುಗಳು ಹೇಳಿದ್ದೇನು? ೧೯೬೩ರಲ್ಲಿ ಹುಟ್ಟಿದ ಮಕ್ಕಳ ಹಲ್ಲುಗಳಲ್ಲಿ, ೧೯೫೦ರಲ್ಲಿ ಹುಟ್ಟಿದವರ ಹಲ್ಲುಗಳಲ್ಲಿದ್ದುದಕ್ಕಿಂತ ಸುಮಾರು ೫೦ ಪಾಲು ಹೆಚ್ಚು ಸ್ಟ್ರಾನ್ಷಿಯಂ-೯೦ ಇತ್ತು. ಇದರ ಮೊದಲನೆಯ ಫಲಿತಾಂಶಗಳು ೧೯೬೧ರಲ್ಲಿಯೇ ಪ್ರಕಟವಾಗಿ ಜನರ ಮನಸ್ಸನ್ನು ಬಹಳವಾಗಿ ಕಲಕಿದವು. ೧೯೬೩ರ ಆಗಸ್ಟ್ ತಿಂಗಳಲ್ಲಿ ಬಯಲಿನಲ್ಲಿ ಅಣುಬಾಂಬು ಸಿಡಿಸುವುದನ್ನು ನಿಲ್ಲಿಸುವ ಒಪ್ಪಂದಕ್ಕೆ ಮೂರು ದೇಶಗಳವರೂ ಸಹಿಮಾಡಿದರು. ಹಾಲುಹಲ್ಲುಗಳೇ ಆ ಒಪ್ಪಂದವನ್ನು ಮಾಡಿಸಿದವೆಂದು ಹೇಳುವುದು ಅತಿಶಯೋಕ್ತಿ. ಆದರೂ ಅವು ಸಾಕ್ಷಿ ಹೇಳಿದವೆಂಬುದರಲ್ಲಿ ಅತಿಶಯವಿಲ್ಲ.

ಹಾಲುಹಲ್ಲಿನ ಎರಡನೆಯ ಕಥೆಯು ಉಪಾಧ್ಯಾಯಿನಿಯರಾದ ನಮ್ಮನ್ನು ಇನ್ನೂ ಹತ್ತಿರದಿಂದ ಮುಟ್ಟುತ್ತದೆ. ಬಾಸ್ಟನ್ ಪಟ್ಟಣದ ಬಳಿಯ ಚೆಲ್ಸಿ, ಸಾಮರ್‌ವಿಲ್ ಎಂಬ ಊರುಗಳ ಒಂದನೆಯ ಮತ್ತು ಎರಡನೆಯ ತರಗತಿಗಳ ಮಕ್ಕಳಿಂದ ಬಿದ್ದ ಹಲ್ಲುಗಳನ್ನು ಹರ್ಬರ್ಟ್ ನೀಡಲ್‌ಮನ್ ಎಂಬ ಮಕ್ಕಳ ವೈದ್ಯನು ಕೂಡಿಸಿದನು. ಅವನು ಹುಡುಕಿದ್ದು ಸೀಸವನ್ನು. ಆ ದಿನಗಳಲ್ಲಿ ಮೋಟಾರುಗಳ ಪೆಟ್ರೋಲಿನಲ್ಲಿಯೂ ಮನೆಗಳ ಬಣ್ಣದಲ್ಲಿಯೂ ಸೀಸವಿತ್ತು. ಸೀಸವು ಹೆಚ್ಚಾದಲ್ಲಿ ಹೊಟ್ಟೆನೋವು, ಸೆಳವು, ಮರಣ ಸಹ ಉಂಟಾಗುವುದೆಂಬುದು ಬಹು ಹಿಂದಿನಿಂದಲೂ ತಿಳಿದ ಸಂಗತಿ. ನೀಡಲ್‌ಮನ್ನನ ಪ್ರಶ್ನೆಯಾದರೋ ಬೇರೆ. ರೋಗವೇ ಇಲ್ಲದೆ, ಓಡಾಡಿ ಆಡಿಕೊಂಡು ಶಾಲೆಗೆ ಬರುತ್ತಿರುವ ಮಕ್ಕಳಲ್ಲಿ ಅಲ್ಪಸ್ವಲ್ಪ ಸೀಸವು ಏನು ಮಾಡುತ್ತದೆ?

ಇದಕ್ಕಾಗಿ ಅವನು ೨,೧೪೬ ಮಕ್ಕಳ ವಿಷಯದಲ್ಲಿ ಅವರವರ ಉಪಾಧ್ಯಾಯಿನಿಯರಿಂದಲೇ ಉತ್ತರ ತರಿಸಿದನು. ಈ ಮಗುವಿನ ಗಮನವು ಬೇಗನೆ ಚದರುತ್ತದೆಯೇ? ಹಿಡಿದ ಕೆಲಸವನ್ನು ಮುಗಿಸುತ್ತದೆಯೇ? ಹಗಲುಗನಸು ಕಾಣುತ್ತದೆಯೇ? ಹೇಳಿದ ಮಾತನ್ನು ಕ್ರಮವಾಗಿ ನಡಿಸುತ್ತದೆಯೇ? ನಾವು ಪ್ರಗತಿಪತ್ರಗಳಲ್ಲಿ ಬರೆಯುವ ಮಾತುಗಳೇ ಇವು. ಯಾವ ಮಗುವಿನ ಹಲ್ಲಿನಲ್ಲಿ ಎಷ್ಟು ಸೀಸವಿದೆಯೆಂಬುದು ಉತ್ತರ ಬರೆದ ಉಪಾಧ್ಯಾಯಿನಿಗೆ ತಿಳಿದಿರಲಿಲ್ಲ. ೧೯೭೯ರಲ್ಲಿ ಪ್ರಕಟವಾದ ಫಲಿತಾಂಶವೇನೆಂದರೆ, ಹಲ್ಲಿನಲ್ಲಿ ಸೀಸವು ಮೆಟ್ಟಲು ಮೆಟ್ಟಲಾಗಿ ಏರಿದಂತೆ ಉಪಾಧ್ಯಾಯಿನಿಯರ ದೂರುಗಳೂ ಮೆಟ್ಟಲು ಮೆಟ್ಟಲಾಗಿ ಏರಿದ್ದವು. ಬುದ್ಧಿಪರೀಕ್ಷೆಯಲ್ಲಿಯೂ ಹೆಚ್ಚು ಸೀಸವಿದ್ದ ಮಕ್ಕಳು ಹಿಂದೆ ಬಿದ್ದಿದ್ದರು. ಆ ಮಕ್ಕಳನ್ನೇ ಹನ್ನೊಂದು ವರ್ಷಗಳ ನಂತರ ಪುನಃ ಹುಡುಕಿ ನೋಡಿದಾಗ, ಹಲ್ಲಿನಲ್ಲಿ ಸೀಸವು ಹೆಚ್ಚಾಗಿದ್ದವರು ಓದನ್ನು ಅರ್ಧದಲ್ಲಿ ಬಿಟ್ಟಿರುವ ಸಂಭವವು ಉಳಿದವರಿಗಿಂತ ಏಳು ಪಾಲು ಹೆಚ್ಚಾಗಿತ್ತು. ಇದು ೧೯೯೦ರಲ್ಲಿ ಪ್ರಕಟವಾಯಿತು.

ಸೋಮಾರಿ, ಮಂದಬುದ್ಧಿ, ಗಮನವಿಲ್ಲದವಳು ಎಂಬೀ ಮಾತುಗಳು ಎಷ್ಟು ಸುಲಭವಾಗಿ ಲೇಖನಿಯಿಂದ ಇಳಿಯುತ್ತವೆಂಬುದನ್ನು ಪಾಠ ಹೇಳುವವರೆಲ್ಲರೂ ಬಲ್ಲರು. ಆ ಮಾತುಗಳ ಹಿಂದೆ ಕೆಲವು ಸಾರಿ ಒಂದು ಲೋಹವಿರಬಹುದೆಂಬುದು ಈ ಶೋಧನೆಯು ಕಲಿಸಿದ ವಿಷಯ.

ನಮ್ಮ ದೇಶದಲ್ಲಿ ೧೯೯೯ರಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ನಿನವರು ಏಳು ದೊಡ್ಡ ಪಟ್ಟಣಗಳಲ್ಲಿ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ ೧೦ ಮೈಕ್ರೋಗ್ರಾಂ ಮೀರಿ ಸೀಸವು ಕಂಡುಬಂದಿತು. ೨೦೦೦ದಲ್ಲಿ ಸೀಸವುಳ್ಳ ಪೆಟ್ರೋಲು ನಮ್ಮಲ್ಲಿ ನಿಂತಿತು. ೨೦೨೧ರಲ್ಲಿ ಲೋಕದಲ್ಲೆಲ್ಲಾ ನಿಂತಿತು. ಮನೆಯ ಬಣ್ಣಗಳಲ್ಲಿ ಹತ್ತು ಲಕ್ಷಕ್ಕೆ ೯೦ ಭಾಗಗಳಿಗಿಂತ ಹೆಚ್ಚು ಸೀಸವಿರಕೂಡದೆಂಬ ನಿಯಮವು ೨೦೧೭ರಿಂದ ನಡೆಯುತ್ತಿದೆ. ಆದರೂ ಹಳೆಯ ಬಾಗಿಲುಗಳ ಬಣ್ಣ, ಹಳೆಯ ಬ್ಯಾಟರಿಗಳನ್ನು ಒಡೆದು ಕರಗಿಸುವ ಸ್ಥಳಗಳು, ಕೆಲವು ಕಾಡಿಗೆ ಕುಂಕುಮಗಳು ಇನ್ನೂ ಉಳಿದಿವೆ. ಮೊದಲು ೧೦ ಮೈಕ್ರೋಗ್ರಾಂ ಎಂದಿದ್ದ ಮೇರೆಯನ್ನು ಅಮೇರಿಕಾದವರು ೨೦೨೧ರಲ್ಲಿ ೩.೫ಕ್ಕೆ ಇಳಿಸಿದ್ದಾರೆ. ಇಷ್ಟಿದ್ದರೆ ಕೆಡುಕಿಲ್ಲವೆಂದು ಹೇಳಬಹುದಾದ ಒಂದು ಅಳತೆಯು ಸೀಸಕ್ಕೆ ಇಲ್ಲವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ.

ಅಡಿಗೆಮನೆಯ ಯಜಮಾನಿಯರಿಗಾಗಿ ಇನ್ನೊಂದು ದೃಷ್ಟಾಂತವನ್ನು ಕೊಡುತ್ತೇವೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕಾರ್ಖಾನೆಯೂ ಮೋಟಾರೂ ಇಲ್ಲದ ಕಡೆಗಳಲ್ಲಿ ಗರ್ಭಿಣಿಯರ ರಕ್ತದಲ್ಲಿ ಸೀಸವು ಕಂಡುಬಂದಿತು. ಅದು ಎಲ್ಲಿಂದ ಬಂದಿತು? ಒಂದೊಂದು ಗಣಿಯ ಸೀಸಕ್ಕೂ ಅದರದೇ ಆದ ಒಂದು ಮುದ್ರೆಯುಂಟು. ಸೀಸದ ಬೇರೆ ಬೇರೆ ತೂಕದ ಪರಮಾಣುಗಳು ಯಾವ ಪ್ರಮಾಣದಲ್ಲಿ ಬೆರೆತಿವೆಯೆಂಬುದೇ ಆ ಮುದ್ರೆ. ಮಣ್ಣು, ಅಕ್ಕಿ, ತವರದ ಡಬ್ಬಿ, ಮಸಾಲೆ ಇವುಗಳನ್ನೆಲ್ಲಾ ರಕ್ತದ ಸೀಸಕ್ಕೆ ಹೋಲಿಸಿ ನೋಡಲಾಗಿ, ಬೆರಳು ಅರಸಿನದ ಕಡೆಗೆ ತೋರಿಸಿತು. ಅರಸಿನದ ಕೊಂಬುಗಳು ಥಳಥಳಿಸುವಂತೆ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಅವುಗಳಿಗೆ ಹಚ್ಚುತ್ತಿದ್ದರು. ೨೦೧೯ರಲ್ಲಿ ಇದು ಪ್ರಕಟವಾದ ಕೂಡಲೆ ಅಲ್ಲಿಯ ಅಧಿಕಾರಿಗಳು ಮಾರುಕಟ್ಟೆಗಳಲ್ಲಿ ತಪಾಸಣೆ ನಡಿಸಿ ದಂಡ ವಿಧಿಸಿದರು. ಆ ವರ್ಷ ಪರೀಕ್ಷಿಸಿದ ಅರಸಿನದ ಮಾದರಿಗಳಲ್ಲಿ ನೂರಕ್ಕೆ ೪೭ರಲ್ಲಿ ಸೀಸವಿತ್ತು. ೨೦೨೧ರಲ್ಲಿ ಒಂದರಲ್ಲಿಯೂ ಇರಲಿಲ್ಲ. ಅರಸಿನ ಬೀಸುವ ಕೂಲಿಯವರ ರಕ್ತದಲ್ಲಿಯೂ ಸೀಸವು ಇಳಿಯಿತು. ಎರಡೇ ವರ್ಷಗಳಲ್ಲಿ ಇಷ್ಟಾದದ್ದು ನಮಗೆ ಬಹಳ ಸಮಾಧಾನವನ್ನು ತರುತ್ತದೆ.

ಇನ್ನು ಸೀಸದಿಂದ ಕಬ್ಬಿಣಕ್ಕೆ ಬರುತ್ತೇವೆ. ಇವೆರಡಕ್ಕೂ ಸಂಬಂಧವುಂಟು. ದೇಹದಲ್ಲಿ ಕಬ್ಬಿಣವು ಕಡಿಮೆಯಾದಾಗ ಕರುಳು ಕಬ್ಬಿಣಕ್ಕಾಗಿ ಬಾಗಿಲನ್ನು ಅಗಲವಾಗಿ ತೆರೆಯುತ್ತದೆ; ಅದೇ ಬಾಗಿಲಿನಿಂದ ಸೀಸವೂ ನುಗ್ಗುತ್ತದೆ. ಹೀಗೆ ಬಡಕಲಾದ ಮಗುವೇ ಹೆಚ್ಚು ವಿಷವನ್ನು ಹೀರಿಕೊಳ್ಳುತ್ತದೆ. ಅಲ್ಲದೆ ಕಬ್ಬಿಣದ ಕೊರತೆಯುಳ್ಳವರಿಗೆ ಮಣ್ಣು, ಸುಣ್ಣ, ಹಸಿ ಅಕ್ಕಿ, ಬಳಪ ಮುಂತಾದವುಗಳನ್ನು ತಿನ್ನಬೇಕೆಂಬ ವಿಚಿತ್ರವಾದ ಆಸೆಯು ಹುಟ್ಟುವುದುಂಟು. ಬಳಪ ತಿಂದು ಬೈಗುಳ ತಿಂದ ಹುಡುಗಿಯರು ಈ ಲೇಖನವನ್ನು ಓದುವವರಲ್ಲಿಯೂ ಇಲ್ಲದಿರಲಾರರು. ಆ ಬಳಪದ ಆಸೆಯೇ ಒಂದು ಗುರುತಾಗಿತ್ತು. ಓದುವವರು ಇರಲಿಲ್ಲ, ಅಷ್ಟೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ಬೇರೊಂದು ಊರಿನ ಶಾಲೆಯಿಂದ ಒಬ್ಬ ಹುಡುಗಿಯು ನಮ್ಮಲ್ಲಿಗೆ ಬಂದಳು. ಓದಿನಲ್ಲಿ ಆಸಕ್ತಿಯಿಲ್ಲದವಳೆಂದು ಅಲ್ಲಿಯವರು ಬರೆದುಕೊಟ್ಟಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ ನಿಂತಿರಲಾರಳು. ಮೆಟ್ಟಲುಗಳನ್ನು ಏರುವಾಗ ನಡುವೆ ನಿಲ್ಲುವಳು. ಮಧ್ಯಾಹ್ನದ ಮೊದಲನೆಯ ಪಾಠದಲ್ಲಿ ತಲೆಯು ಮೇಜಿಗೆ ಬಾಗುವುದು. ಮುಖದಲ್ಲಿ ಕಳೆಯಿತ್ತು, ಮೈಯೂ ತುಂಬಿಕೊಂಡೇ ಇತ್ತು. ಆದಕಾರಣ ಮನೆಯವರಿಗೆ ಸಂದೇಹ ಬಂದಿರಲಿಲ್ಲ. ಶಾಲೆಯ ವೈದ್ಯಪರೀಕ್ಷೆಯ ದಿನ ಅವಳ ಹಿಮೋಗ್ಲೋಬಿನ್ ಏಳು ಗ್ರಾಂ ಎಂದು ತಿಳಿಯಿತು. ಹದಿನಾಲ್ಕು ವರ್ಷದ ಹುಡುಗಿಗೆ ಹನ್ನೆರಡಕ್ಕಿಂತ ಕಡಿಮೆ ಇರಕೂಡದು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದುದನ್ನು ಅವಳು ತಾಯಿಗೂ ಹೇಳಿರಲಿಲ್ಲ. ವೈದ್ಯರ ಚಿಕಿತ್ಸೆಯಲ್ಲಿ ನಾಲ್ಕು ತಿಂಗಳು ಕಳೆದ ಮೇಲೆ ಆ ಹುಡುಗಿಯ ಲೆಕ್ಕದ ಪುಸ್ತಕವನ್ನು ನೋಡಿದವರು ಇದು ಅವಳದೇ ಕೈಬರಹವೇ ಎಂದು ಕೇಳಿದರು.

ಇವಳೊಬ್ಬಳ ಮಾತಲ್ಲ ಇದು. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದರಿಂದ ಹತ್ತೊಂಬತ್ತು ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿಗೆ ರಕ್ತಹೀನತೆಯುಂಟೆಂದು ಕಂಡುಬಂದಿತು; ಕರ್ನಾಟಕದಲ್ಲಿ ಅರ್ಧಕ್ಕೆ ಅರ್ಧ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಆ ಸಮೀಕ್ಷೆಯಲ್ಲಿ ಬೆರಳನ್ನು ಚುಚ್ಚಿ ಒಂದು ತೊಟ್ಟು ರಕ್ತವನ್ನು ತೆಗೆದಿದ್ದರು. ೨೦೧೬ರಿಂದ ೨೦೧೮ರವರೆಗೆ ನಡೆದ ಮಕ್ಕಳ ಪೋಷಣೆಯ ಸಮಗ್ರ ಸಮೀಕ್ಷೆಯಲ್ಲಿ ತೋಳಿನ ರಕ್ತನಾಳದಿಂದ ತೆಗೆದು ಅಳೆದಾಗ, ಹತ್ತರಿಂದ ಹತ್ತೊಂಬತ್ತರ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ ೪೦ ಮಂದಿಗೆ ಎಂದು ಬಂದಿತು, ಹುಡುಗರಲ್ಲಿ ೧೮. ವಯಸ್ಸಿನ ಮೇರೆಗಳು ಬೇರೆಯಾದುದೂ ಈ ವ್ಯತ್ಯಾಸಕ್ಕೆ ಒಂದು ಕಾರಣ; ರಕ್ತವನ್ನು ತೆಗೆದ ರೀತಿಯೂ ಕಾರಣ. ಬೆರಳನ್ನು ಹಿಂಡಿದರೆ ರಕ್ತದೊಡನೆ ನೀರೂ ಬೆರೆಯುತ್ತದೆ. ಆದದ್ದರಿಂದ ಬೆರಳಿನ ಪರೀಕ್ಷೆಯಲ್ಲಿ ಕಡಿಮೆ ಬಂದಲ್ಲಿ ತೋಳಿನ ಪರೀಕ್ಷೆಯನ್ನು ಮಾಡಿಸುವುದೇ ಒಳ್ಳೆಯದು. ಕಡಿಮೆಯೆಂದು ಎಣಿಸಿದರೂ ಹತ್ತರಲ್ಲಿ ನಾಲ್ವರು! ಐವತ್ತು ಹುಡುಗಿಯರು ಕುಳಿತಿರುವ ಒಂದು ತರಗತಿಯನ್ನು ಮನಸ್ಸಿಗೆ ತಂದುಕೊಳ್ಳಿರಿ.

ಹಿಮೋಗ್ಲೋಬಿನ್ ಇಳಿಯುವುದು ಕೊನೆಯ ಸಂಗತಿ. ಅದಕ್ಕೆ ಬಹಳ ಮುಂಚೆಯೇ ಕಬ್ಬಿಣದ ಉಗ್ರಾಣವು ಬರಿದಾಗುತ್ತದೆ. ಆ ಉಗ್ರಾಣದ ಅಳತೆಗೆ ಫೆರಿಟಿನ್ ಎಂದು ಹೆಸರು. ಒಂದು ಲೀಟರಿಗೆ ೧೫ ಮೈಕ್ರೋಗ್ರಾಂಗಿಂತ ಕಡಿಮೆಯಾದಲ್ಲಿ ಕಣಜ ಖಾಲಿಯೆಂದೇ ತಿಳಿಯತಕ್ಕದ್ದು. ಆದರೆ ಜ್ವರವೋ ಸೋಂಕೋ ಇರುವಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಖಾಲಿ ಕಣಜವು ತುಂಬಿದಂತೆ ಕಾಣುತ್ತದೆ. ಜ್ವರದಲ್ಲಿ ಮಾಡಿಸಿದ ಪರೀಕ್ಷೆಯನ್ನು ನಂಬಿ ಕುಳಿತುಕೊಳ್ಳಬೇಡಿರಿ. ಹಾಗೆಯೇ ರಕ್ತಹೀನತೆಯೆಲ್ಲವೂ ಕಬ್ಬಿಣದ ಕೊರತೆಯಿಂದಲೇ ಬರುವುದೆಂದು ತಿಳಿಯಕೂಡದು. ಜೀವಸತ್ವ ಬಿ-೧೨ರ ಕೊರತೆ, ಕೊಕ್ಕೆಹುಳು, ಹುಟ್ಟಿನಿಂದ ಬಂದ ರಕ್ತದೋಷಗಳು ಇವೂ ಕಾರಣಗಳಾಗಿರಬಹುದು. ಬೀಟ್‌ರೂಟು ಕೆಂಪಾಗಿದೆಯೆಂದು ರಕ್ತವನ್ನು ಕೊಡುವುದೆಂದು ನಂಬುವ ತಾಯಂದಿರು ಬಹು ಮಂದಿ. ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧವಿಲ್ಲ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ. ಸೊಪ್ಪು ಕಾಳುಗಳ ಊಟದೊಡನೆ ನಿಂಬೆಯ ಹುಳಿಯನ್ನೋ ನೆಲ್ಲಿಕಾಯಿಯನ್ನೋ ಕೊಟ್ಟು, ಊಟದೊಡನೆ ಚಹಾ ಕುಡಿಯುವುದನ್ನು ನಿಲ್ಲಿಸಿದಲ್ಲಿ ಆಗುವ ಲಾಭವು ಅದಕ್ಕಿಂತ ಹೆಚ್ಚು.

ಹಲ್ಲಿನ ಮಾತನ್ನು ಇನ್ನೂ ಮುಗಿಸಿಲ್ಲ. ಪಾವಗಡ, ಬಾಗೇಪಲ್ಲಿ ಮುಂತಾದ ತಾಲ್ಲೂಕುಗಳ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ಅಂಥ ಊರುಗಳಿಂದ ಬರುವ ಹುಡುಗಿಯರು ನಗುವಾಗ ಕೈಯಿಂದ ಬಾಯಿಯನ್ನು ಮುಚ್ಚಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಅವರ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಮಚ್ಚೆಗಳಿರುತ್ತವೆ. ಹಲ್ಲುಜ್ಜದವರೆಂದು ಗೆಳತಿಯರು ಹಾಸ್ಯ ಮಾಡುತ್ತಾರೆ. ಎಷ್ಟು ಉಜ್ಜಿದರೂ ಹೋಗತಕ್ಕ ಮಚ್ಚೆಗಳಲ್ಲ ಅವು. ಎಂಟು ವರ್ಷದೊಳಗೆ, ಹಲ್ಲಿನ ಹೊಳಪುಪದರವು ದವಡೆಯ ಒಳಗೆ ಕಟ್ಟಿಕೊಳ್ಳುತ್ತಿರುವಾಗ ಕುಡಿದ ನೀರಿನ ಲೇಖ ಅದು. ಇಂಥ ಮಚ್ಚೆಗಳ ಕಾರಣವನ್ನು ಅಮೇರಿಕಾದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯನು ೧೯೦೧ರಿಂದ ಹುಡುಕುತ್ತಾ ಬಂದು, ಅದು ನೀರಿನ ಫ್ಲೋರೈಡೆಂದು ತಿಳಿಯಲು ೧೯೩೧ರವರೆಗೆ ಕಾಯಬೇಕಾಯಿತು. ಎಲುಬುಗಳೇ ಬಿಗಿದುಕೊಂಡು ಬೆನ್ನು ಬಾಗಿಸಲಾರದಂಥ ಘೋರವಾದ ಬಗೆಯನ್ನು ೧೯೩೭ರಲ್ಲಿ ಆಗಿನ ಮದರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಕಂಡು ಬರೆದರು. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಇರಬಹುದು. ಬೇರೆ ನೀರು ಇಲ್ಲದ ಪಕ್ಷದಲ್ಲಿ ಒಂದೂವರೆಯನ್ನು ಮೀರಬಾರದೆಂದು ನಮ್ಮ ದೇಶದ ನಿಯಮ. ಹಿರಿಯ ಮಗಳ ಹಲ್ಲಿನಲ್ಲಿ ಮಚ್ಚೆಯನ್ನು ಕಂಡ ತಾಯಿಯು ತೊಟ್ಟಿಲಿನಲ್ಲಿರುವ ಕಿರಿಯ ಮಗುವಿಗಾಗಿ ಕೂಡಲೆ ನೀರನ್ನು ಪರೀಕ್ಷೆ ಮಾಡಿಸುವುದು ಯುಕ್ತ.

ತಂದೆಯವರಿಗೂ ಒಂದು ಮಾತು. ಹೊಗೆಸೊಪ್ಪಿನ ನಿಕೊಟಿನ್ ದೇಹದಲ್ಲಿ ಕೊಟಿನೀನ್ ಎಂಬ ವಸ್ತುವಾಗಿ ಮಾರ್ಪಟ್ಟು ಒಂದೆರಡು ದಿನ ಉಳಿಯುತ್ತದೆ. ಮನೆಯಲ್ಲಿ ಸೇದುವವರು ಇರುವಾಗ ಬೀಡಿಯನ್ನು ಮುಟ್ಟದ ಮಗುವಿನ ಮೂತ್ರದಲ್ಲಿಯೂ ಜೊಲ್ಲಿನಲ್ಲಿಯೂ ಕೊಟಿನೀನ್ ದೊರೆಯುವುದುಂಟು. ಜಗಲಿಯ ಮೇಲೆ ಸೇದಿದೆನೆಂಬ ಸಮಾಧಾನವು ಆ ಪರೀಕ್ಷೆಯ ಮುಂದೆ ನಿಲ್ಲುವುದಿಲ್ಲ.

ಇಷ್ಟರ ತನಕ ಹಿಂದೆ ನಡೆದದ್ದನ್ನು ತಿಳಿಸುವ ಗುರುತುಗಳನ್ನು ಕುರಿತು ಹೇಳಿದೆವು. ಮುಂದೆ ಬರಬಹುದಾದದ್ದನ್ನು ಸೂಚಿಸುವವೂ ಇವೆ. ರಕ್ತದ ಸಕ್ಕರೆಯು ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆಂಬುದನ್ನು ತೋರಿಸಿಕೊಟ್ಟ ದಾರಿಯು ೧೯೬೮ರಲ್ಲಿ ತೆಹರಾನಿನ ಸ್ಯಾಮ್ಯುಯೆಲ್ ರಹಬರ್ ಎಂಬವರಿಂದ ತೆರೆಯಿತು. ಸಿಹಿಮೂತ್ರರೋಗಿಗಳ ರಕ್ತದಲ್ಲಿ ಒಂದು ಬೇರೆ ವಿಧದ ಹಿಮೋಗ್ಲೋಬಿನ್ ಹೆಚ್ಚಾಗಿರುವುದನ್ನು ಅವರು ಕಂಡರು. ಇಂದು ಈ ಪರೀಕ್ಷೆಗೆ ಎಚ್‌ಬಿಎ೧ಸಿ ಎಂದು ಹೆಸರು. ಪರೀಕ್ಷೆಗೆ ಮುಂಚಿನ ಎರಡು ದಿನ ಮಾತ್ರ ಸಿಹಿಯನ್ನು ಬಿಟ್ಟು ವೈದ್ಯರನ್ನು ಸಂತೋಷಪಡಿಸುವ ಉಪಾಯವು ಇದರ ಹತ್ತಿರ ನಡೆಯದು, ಏಕೆಂದರೆ ಅದು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ನೂರಕ್ಕೆ ೬.೫ ಅಥವಾ ಅದಕ್ಕಿಂತ ಹೆಚ್ಚಾದಲ್ಲಿ ರೋಗ; ೫.೭ರಿಂದ ೬.೪ರವರೆಗೆ ರೋಗದ ಹೊಸ್ತಿಲು. ೨೦೨೩ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ನಮ್ಮ ದೇಶದಲ್ಲಿ ೧೦ ಕೋಟಿಗೂ ಮೀರಿದ ಜನರು ಸಿಹಿಮೂತ್ರರೋಗಿಗಳು. ೧೩ ಕೋಟಿಗಿಂತ ಹೆಚ್ಚು ಮಂದಿ ಹೊಸ್ತಿಲಿನ ಮೇಲೆ. ಕಬ್ಬಿಣದ ಕೊರತೆಯಿರುವವರಲ್ಲಿ ಈ ಅಂಕೆಯು ನಿಜವಾದುದಕ್ಕಿಂತ ಸ್ವಲ್ಪ ಮೇಲೆ ಬರಬಹುದು. ಮೊದಲು ರಕ್ತಹೀನತೆಯನ್ನು ನೋಡಿಕೊಂಡು ಬಳಿಕ ಇದನ್ನು ಓದತಕ್ಕದ್ದೆಂಬುದಕ್ಕೆ ಕಾರಣವಿದೇ.

ಹೊಸ್ತಿಲೆಂಬ ಮಾತನ್ನು ಚೆನ್ನಾಗಿ ಗ್ರಹಿಸಬೇಕು. ಹೊಸ್ತಿಲಿನ ಮೇಲಿದ್ದವರೆಲ್ಲರೂ ಒಳಕ್ಕೆ ಹೋಗುವುದಿಲ್ಲ. ೧೯೪೮ರಲ್ಲಿ ಅಮೇರಿಕಾದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ೫,೨೦೯ ಮಂದಿಯನ್ನು ಆರಿಸಿಕೊಂಡು ವರ್ಷಗಟ್ಟಲೆ ಪರೀಕ್ಷಿಸುತ್ತಾ ಬಂದವರು, ರಕ್ತದ ಒತ್ತಡವೂ ಕೊಲೆಸ್ಟರಾಲೂ ಹೆಚ್ಚಾಗಿರುವವರ ಗುಂಪಿನಲ್ಲಿ ಹೃದಯರೋಗವು ಹೆಚ್ಚೆಂದು ಕಂಡರು. ಗುಂಪಿನಲ್ಲಿ ಹೆಚ್ಚೆಂದರೆ ಈ ಗುಂಪಿನ ಇಂಥವಳಿಗೇ ಬಂದೀತೆಂದು ಅರ್ಥವಲ್ಲ. ಗುರುತು ಎಂಬುದು ಸಾಕ್ಷಿ, ತೀರ್ಪಲ್ಲ. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವೇನೆಂದರೆ, ನೂರು ಪರೀಕ್ಷೆಗಳನ್ನು ಒಂದೇ ಬೆಲೆಗೆ ಮಾಡಿಕೊಡುತ್ತೇವೆಂಬ ಜಾಹೀರಾತುಗಳು ಈಗ ಎಲ್ಲಾ ಕಡೆಗಳಲ್ಲಿಯೂ ಇವೆ. ನೂರು ಅಂಕೆಗಳಲ್ಲಿ ನಾಲ್ಕೈದು ಮೇರೆಯ ಆಚೆ ಬೀಳುವುದು ಆರೋಗ್ಯವಂತರಲ್ಲಿಯೂ ಸಹಜ. ಕಾರಣವಿಲ್ಲದೆ ಅವುಗಳನ್ನು ಮಾಡಿಸಿಕೊಂಡು ನಿದ್ದೆಗೆಟ್ಟವರನ್ನು ನಾವು ಬಲ್ಲೆವು. ಒಂದು ಪ್ರಶ್ನೆಯನ್ನು ಇಟ್ಟುಕೊಂಡು, ಅದಕ್ಕೆ ತಕ್ಕ ಒಂದು ಪರೀಕ್ಷೆಯನ್ನು ವೈದ್ಯರ ಮಾತಿನ ಮೇಲೆ ಮಾಡಿಸುವುದೇ ನಮ್ಮ ಅಭಿಪ್ರಾಯದಲ್ಲಿ ಉತ್ತಮ.

ಇನ್ನೊಂದು ಮಾತನ್ನು ಹೆಣ್ಣುಮಕ್ಕಳ ಶಾಲೆಯವರಾದ ನಾವು ಹೇಳದೆ ಇರಲಾರೆವು. ಹುಡುಗಿಯ ರಕ್ತದ ಅಂಕೆಗಳು ಅವಳವು. ಅವಳ ತಂದೆತಾಯಿಗಳಿಗೂ ವೈದ್ಯರಿಗೂ ತಿಳಿದರೆ ಸಾಕು. ಈ ಕಾರಣದಿಂದಲೇ ನಮ್ಮ ಶಾಲೆಯಲ್ಲಿ ಪರೀಕ್ಷೆಯ ಫಲವನ್ನು ತರಗತಿಯಲ್ಲಿ ಓದುವುದಿಲ್ಲ. ಮುಚ್ಚಿದ ಲಕೋಟೆಯಲ್ಲಿ ಮನೆಗೆ ಕಳುಹಿಸುತ್ತೇವೆ. ನೆಂಟಸ್ತನದ ಮಾತು ಬಂದಾಗ ಹಳೆಯ ರಕ್ತಹೀನತೆಯ ಚೀಟಿಯನ್ನು ಹಿಡಿದು ಹೆಣ್ಣನ್ನು ಕುಂದೆಣಿಸಿದ ಪ್ರಸಂಗಗಳು ನಮ್ಮ ಕಿವಿಗೆ ಬಿದ್ದಿವೆ. ಮೂರು ತಿಂಗಳ ಔಷಧದಿಂದ ಸರಿಹೋಗತಕ್ಕದ್ದನ್ನು ಕುಲದ ದೋಷವೆಂದು ಎಣಿಸುವವರಿಗೆ ಏನು ಹೇಳೋಣ?

ಪೋಷಕರಿಗೆ ಉಪಯೋಗವಾಗಬಹುದಾದ ಕೆಲವು ವಿವರಗಳನ್ನು ಕೊಟ್ಟು ನಿಲ್ಲಿಸುತ್ತೇವೆ. ಸರ್ಕಾರದ ಏರ್ಪಾಡಿನಂತೆ ಹರೆಯದ ಹುಡುಗಿಯರಿಗೆ ವಾರಕ್ಕೊಂದು ನೀಲಿ ಮಾತ್ರೆಯುಂಟು. ಅದರಲ್ಲಿ ೬೦ ಮಿಲಿಗ್ರಾಂ ಕಬ್ಬಿಣವೂ ೫೦೦ ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇವೆ. ಅದನ್ನು ಊಟವಾದ ಮೇಲೆ ನುಂಗತಕ್ಕದ್ದು; ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಓಕರಿಕೆ ಬರುವುದುಂಟು. ಮಲವು ಕಪ್ಪಾದರೆ ಹೆದರಬೇಕಾದದ್ದಿಲ್ಲ. ವರ್ಷಕ್ಕೆ ಎರಡು ಸಾರಿ ಕೊಡುವ ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಕೂಡದು, ಏಕೆಂದರೆ ಕೊಕ್ಕೆಹುಳು ಇರುವ ತನಕ ಕೊಟ್ಟ ಕಬ್ಬಿಣವು ಸೋರುತ್ತಲೇ ಇರುತ್ತದೆ. ಪರೀಕ್ಷೆಯಲ್ಲಿ ರಕ್ತಹೀನತೆಯು ತಿಳಿದುಬಂದವಳಿಗೆ ವಾರದ ಮಾತ್ರೆಯು ಸಾಲದು. ಅವಳು ವೈದ್ಯರನ್ನು ಕಾಣಬೇಕು. ಔಷಧದಿಂದ ಹಿಮೋಗ್ಲೋಬಿನ್ ಒಂದೆರಡು ತಿಂಗಳಲ್ಲಿ ಏರುತ್ತದೆ, ಹುಡುಗಿಯೂ ಗೆಲುವಾಗುತ್ತಾಳೆ. ಅಷ್ಟಕ್ಕೇ ಔಷಧವನ್ನು ನಿಲ್ಲಿಸುವವರು ಬಹಳ. ಹಿಮೋಗ್ಲೋಬಿನ್ ಸರಿಯಾದ ಮೇಲೆಯೂ ಉಗ್ರಾಣವು ತುಂಬಲು ಇನ್ನೂ ಸುಮಾರು ಮೂರು ತಿಂಗಳು ಬೇಕು. ಅಷ್ಟು ಕಾಲವೂ ಔಷಧವನ್ನು ಮುಂದುವರಿಸಬೇಕು.